ಅಮ್ಮ ಊಟ ಮಾಡುವುದನ್ನು ಮಗು ನೋಡಿದೆಯೇ?

‘ನಮ್ಮ ಮಗು ಸರಿಯಾಗಿ ಏನೂ ತಿನ್ನಲ್ಲ ಕಣ್ರೀ, ಸೊಪ್ಪು ಕಂಡ್ರೆ ಮುಖ ತಿರುಗಿಸುತ್ತೆ.’ ಮದುವೆ ಮನೆ, ಬಸ್ ಸ್ಟ್ಯಾಂಡ್, ಆಸ್ಪತ್ರೆಯ ಬೆಂಚು, ಎಲ್ಲಿ ನಾಲ್ಕು ತಾಯಂದಿರು ಸೇರಿದರೂ ಈ ಮಾತು ಬರುತ್ತದೆ. ಮಗುವಿಗೆ ಹಟ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಆ ಮನೆಯಲ್ಲಿ ಸೊಪ್ಪನ್ನು ಯಾರು ತಿನ್ನುತ್ತಾರೆ, ಯಾವಾಗ ತಿನ್ನುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ಅಕ್ಕನ ಮನೆಯನ್ನೇ ತೆಗೆದುಕೊಳ್ಳಿ. ಭಾವ ಟಿ.ವಿ. ಮುಂದೆ ಕೂತು, ಸಾಂಬಾರಿನ ಬದನೆಕಾಯಿ ಹೋಳುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸುತ್ತಾರೆ. ಐದು ವರ್ಷದ ಮಗನ ಕೈಯಲ್ಲಿ ಮೊಬೈಲ್. ಯೂಟ್ಯೂಬ್ ಓಡುತ್ತಿರುವಷ್ಟು ಹೊತ್ತು ಅವನ ಬಾಯಿ ತೆರೆಯುತ್ತದೆ. ಅಕ್ಕ ಎಲ್ಲರದ್ದೂ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಾಳೆ. ಆ ಮನೆಯಲ್ಲಿ ಸೊಪ್ಪಿನ ಪಲ್ಯವನ್ನು ಖುಷಿಯಿಂದ ತಿನ್ನುವವಳು ಅವಳೊಬ್ಬಳೇ. ಅಷ್ಟು ಹೊತ್ತಿಗೆ ಮಗ ಮಲಗಿರುತ್ತಾನೆ. ಅಮ್ಮ ಸೊಪ್ಪು ತಿನ್ನುವುದನ್ನು ಅವನು ನೋಡಿಯೇ ಇಲ್ಲ! ಅದೇ ಹುಡುಗ ಬೇಸಿಗೆ ರಜೆಗೆ ಊರಿಗೆ ಬಂದರೆ, ಅಜ್ಜಿಯ ಪಕ್ಕ ಕೂತು ಮುದ್ದೆ ಮುರಿದು ಬಸ್ಸಾರಿಗೆ ಅದ್ದುತ್ತಾನೆ. ಅಜ್ಜಿ ಉಪದೇಶ ಮಾಡುವುದಿಲ್ಲ. ತಾನೂ ಅದನ್ನೇ, ಅವನ ಜೊತೆಯಲ್ಲೇ ಉಣ್ಣುತ್ತಾಳೆ, ಅಷ್ಟೆ.

ರುಚಿಯ ಪಾಠ ಹುಟ್ಟುವ ಮೊದಲೇ ಶುರುವಾಗುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಸುರಿಯಾಗಿದ್ದಾಗ ಅಥವಾ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಶಿಶುಗಳು, ಮುಂದೆ ಕ್ಯಾರೆಟ್ ರುಚಿಯ ಆಹಾರ ಬಾಯಿಗಿಟ್ಟಾಗ ಮುಖ ಸಿಂಡರಿಸಿದ್ದು ಕಡಿಮೆ. ಇನ್ನು, ಹೊಸ ತರಕಾರಿಯೊಂದು ಒಗ್ಗಲು ಮಗುವಿಗೆ ಹತ್ತು–ಹದಿನೈದು ಸಲ ಬೇಕಾಗಬಹುದು ಎನ್ನುತ್ತಾರೆ ತಜ್ಞರು. ನಾವೋ, ಮೂರನೇ ಸಲಕ್ಕೇ ‘ಅವನಿಗೆ ಅದು ಸೇರಲ್ಲ’ ಎಂದು ಬಂದವರೆದುರು ಹೇಳಲು ಶುರು ಮಾಡಿರುತ್ತೇವೆ. ಮಗುವೂ ಅದನ್ನೇ ನಂಬುತ್ತದೆ.

ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಅಭ್ಯಾಸ ಟೀ. ದೊಡ್ಡವರು ಕುಡಿಯುವಾಗ ಮಗು ಕೇಳುತ್ತದೆ, ಪುಟ್ಟ ಲೋಟದಲ್ಲಿ ಕೊಡುತ್ತೇವೆ, ಜೊತೆಗೆ ಎರಡು ಬಿಸ್ಕತ್ತು. ಎಷ್ಟೋ ಮಕ್ಕಳ ಬೆಳಗಿನ ತಿಂಡಿಯೇ ಅದು. ಊಟ, ತಿಂಡಿಯ ಜೊತೆ ಕುಡಿದ ಟೀ, ಸೊಪ್ಪು–ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ಅಡ್ಡಿಪಡಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೂವರಲ್ಲಿ ಹೆಚ್ಚುಕಡಿಮೆ ಇಬ್ಬರಿಗೆ! ಬಡತನ, ಜಂತುಹುಳು ಹೀಗೆ ಇದಕ್ಕೆ ನಾನಾ ಕಾರಣಗಳಿವೆ, ಟೀ ಒಂದನ್ನೇ ದೂರಲಾಗದು. ಆದರೆ ಕಾಸು ಖರ್ಚಿಲ್ಲದೆ ನಾಳೆಯೇ ಬಿಡಿಸಬಹುದಾದದ್ದು ಅದು. ಅದೇ ಊಟಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ.

ಇದೆಲ್ಲ ಅಪ್ಪ–ಅಮ್ಮಂದಿರಿಗೆ ಹೇಳಬೇಕಾದ್ದು, ಕೆಲಸ ಹುಡುಕುತ್ತಿರುವ ನಮಗೇಕೆ ಅನ್ನಬೇಡಿ. ಶಾಲೆಯ ಒಳಗೆ ಹಾಗೂ ಸುತ್ತಲಿನ 50 ಮೀಟರ್‌ನಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದು ಎಂದು 2020ರಲ್ಲೇ ನಿಯಮ ಬಂದಿದೆ. ಮನೆಯೊಳಕ್ಕೆ ಅದನ್ನು ತರುವವರು ನಾವೇ. ಹಾಸ್ಟೆಲ್, ಪಿ.ಜಿ.ಯಿಂದ ಹಬ್ಬಕ್ಕೆ ಹೊರಟಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತಮ್ಮ–ತಂಗಿಗೆ ಚಿಪ್ಸ್, ಕೂಲ್ ಡ್ರಿಂಕ್ಸ್ ಕೊಳ್ಳುತ್ತೇವೆ. ‘ಅಣ್ಣ ಬಂದ’ ಎಂದರೆ ‘ಪ್ಯಾಕೆಟ್ ಬಂತು’ ಎಂದೇ ಅರ್ಥ. ಜೇಬಿನಲ್ಲಿ ಕಡೆಯ ನೂರು ರೂಪಾಯಿ ಇದ್ದರೂ ಬರಿಗೈಲಿ ಹೋಗಲು ಮನಸ್ಸು ಬಾರದು, ನಿಜ. ಆದರೆ ಪಕ್ಕದಲ್ಲೇ ಸೀಬೆಹಣ್ಣಿನ ಗಾಡಿಯೂ ನಿಂತಿರುತ್ತದೆ, ಕಡಲೆಮಿಠಾಯಿಯೂ ಸಿಗುತ್ತದೆ.

ಮನೆ ತಲುಪಿದ ಮೇಲೆ ಇನ್ನೊಂದು ಕೆಲಸವಿದೆ. ರಾತ್ರಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಅಮ್ಮನನ್ನೂ. ಮೊದಲ ದಿನ ಅಮ್ಮ ಒಪ್ಪುವುದಿಲ್ಲ, ‘ನೀವು ಉಣ್ಣಿ, ನಂದು ಆಮೇಲೆ’ ಎನ್ನುತ್ತಾರೆ. ಸೌಟು ಅವರ ಕೈಯಿಂದ ನೀವೇ ತೆಗೆದುಕೊಳ್ಳಿ. ಮುದ್ದೆ ತಿರುವಲು ಬರದಿದ್ದರೂ ಬಡಿಸಲು ಬರುತ್ತದಲ್ಲ!