ಶ್ರವಣ ನರಕ್ಕೆ ಸಂಕೇತ ನೀಡುವ ಯಂತ್ರ: ಕಾಕ್ಲಿಯರ್ ಇಂಪ್ಲಾಂಟ್

ಮನುಷ್ಯನ ನರಮಂಡಲಕ್ಕೂ ವಿದ್ಯುನ್ಮಾನ ಯಂತ್ರಕ್ಕೂ ನೇರ ಸಂಪರ್ಕ ಕಲ್ಪಿಸುವ ಸಾಧನಗಳಲ್ಲಿ, ಪ್ರಯೋಗಾಲಯವನ್ನು ದಾಟಿ ವಾಡಿಕೆಯ ಚಿಕಿತ್ಸೆಯಾಗಿ ನೆಲೆನಿಂತವುಗಳ ಪೈಕಿ ಕಾಕ್ಲಿಯರ್ ಇಂಪ್ಲಾಂಟ್ ಪ್ರಮುಖವಾದುದು. ಸಾಮಾನ್ಯ ಶ್ರವಣ ಸಾಧನವು ಶಬ್ದವನ್ನು ಹೆಚ್ಚಿಸಿ ಕಿವಿಯೊಳಕ್ಕೆ ಕಳುಹಿಸಿದರೆ, ಇದು ಒಳಗಿವಿಯ ಹಾನಿಗೊಂಡ ಭಾಗವನ್ನು ಬಳಸದೆ ಶ್ರವಣ ನರವನ್ನೇ ವಿದ್ಯುತ್ತಿನಿಂದ ಪ್ರಚೋದಿಸುತ್ತದೆ.

ಕಿವಿತಮಟೆ ಹಾಗೂ ಮೂರು ಕಿರುಮೂಳೆಗಳ ಮೂಲಕ ಸಾಗುವ ಕಂಪನವು, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ, ದ್ರವ ತುಂಬಿದ ಕಾಕ್ಲಿಯಾವನ್ನು ತಲುಪುತ್ತದೆ. ಸೂಕ್ಷ್ಮ ಕೂದಲಿನಂಥ ರಚನೆಯುಳ್ಳ ಅಲ್ಲಿನ ರೋಮಕೋಶಗಳು ಕಂಪನವನ್ನು ನರಸಂಕೇತವಾಗಿ ಪರಿವರ್ತಿಸುತ್ತವೆ. ಕಾಕ್ಲಿಯಾದ ಬುಡಭಾಗವು ಕೀರಲು ದನಿಗೂ ತುದಿಭಾಗವು ಗಡಸು ದನಿಗೂ ಸ್ಪಂದಿಸುತ್ತದೆ. ಈ ಸ್ಥಾನಭೇದದ ಭೌತಿಕ ಕಾರಣವನ್ನು ಶೋಧಿಸಿದ ಗಿಯೋರ್ಗ್ ಫಾನ್ ಬೆಕೆಸಿ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮನುಷ್ಯರಲ್ಲಿ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ; ಆದರೆ ಅವುಗಳ ಹಿಂದಿರುವ ಶ್ರವಣ ನರವು ಅನೇಕರಲ್ಲಿ ಉಳಿದಿರುತ್ತದೆ ಎಂಬುದೇ ಈ ಸಾಧನಕ್ಕೆ ಆಧಾರವಾಗಿದೆ.

ಕಿವಿಯ ಹಿಂದೆ ಧರಿಸುವ ಮೈಕ್ರೊಫೋನು ಹಿಡಿದ ಶಬ್ದವನ್ನು, ಅದಕ್ಕೆ ಹೊಂದಿಕೊಂಡಿರುವ ಸಂಸ್ಕಾರಕವು ಆವೃತ್ತಿಗೆ, ಅಂದರೆ ಸೆಕೆಂಡಿಗೆ ಉಂಟಾಗುವ ಕಂಪನಗಳ ಸಂಖ್ಯೆಗೆ, ಅನುಗುಣವಾಗಿ ಹಲವು ಪಟ್ಟಿಗಳಾಗಿ ವಿಂಗಡಿಸುತ್ತದೆ. ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುವ ತಂತಿಸುರುಳಿಯು ಈ ಮಾಹಿತಿಯನ್ನೂ ಒಳಭಾಗಕ್ಕೆ ಬೇಕಾದ ಶಕ್ತಿಯನ್ನೂ ಚರ್ಮದ ಮೂಲಕ ನಿಸ್ತಂತುವಾಗಿ ರವಾನಿಸುತ್ತದೆ. ಚರ್ಮದ ಕೆಳಗೆ ಅಳವಡಿಸಿದ ಗ್ರಾಹಕವು ಅದನ್ನು ಪಡೆದು, ಕಾಕ್ಲಿಯಾದೊಳಗೆ ತೂರಿಸಿದ ಎಳೆಯ ಮೇಲಿನ ವಿದ್ಯುದ್ವಾರಗಳಿಗೆ ಮಿಡಿತಗಳಾಗಿ ಹಂಚುತ್ತದೆ.

1957ರಲ್ಲಿ ಪ್ಯಾರಿಸ್ಸಿನಲ್ಲಿ ಆಂದ್ರೆ ಜೂರ್ನೊ ಮತ್ತು ಶಾರ್ಲ್ ಎರಿಯೆಸ್ ಶ್ರವಣ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಶಬ್ದದ ಅನುಭವ ಮೂಡಿಸಿದರು. 1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಹಲವು ವಿದ್ಯುದ್ವಾರಗಳಿಗೆ ಬೇರೆಬೇರೆ ಸಂಕೇತ ಕಳುಹಿಸುವ ಬಹುವಾಹಿನಿಯ ಇಂಪ್ಲಾಂಟನ್ನು ರೋಗಿಯೊಬ್ಬರಿಗೆ ಅಳವಡಿಸಿದರು. ಆದರೂ ಒಂದು ತೊಡಕು ಉಳಿದಿತ್ತು: ಅಕ್ಕಪಕ್ಕದ ವಿದ್ಯುದ್ವಾರಗಳು ಏಕಕಾಲದಲ್ಲಿ ಕೆಲಸ ಮಾಡಿದರೆ, ಕಾಕ್ಲಿಯಾದ ದ್ರವದಲ್ಲಿ ಹರಡುವ ವಿದ್ಯುತ್ತುಗಳು ಒಂದರೊಡನೊಂದು ಬೆರೆತು ಸಂಕೇತ ಕಲಸಿಹೋಗುತ್ತದೆ. 1991ರಲ್ಲಿ ಬ್ಲೇಕ್ ವಿಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಲ್ಲಿ ಮಿಡಿತಗಳು ಅತಿ ವೇಗವಾಗಿ, ಆದರೆ ಒಂದಾದ ಮೇಲೊಂದರಂತೆ ಹೊಮ್ಮುವುದರಿಂದ, ಮಾತಿನ ಗ್ರಹಿಕೆ ಗಮನಾರ್ಹವಾಗಿ ಸುಧಾರಿಸಿತು.

ಶ್ರವಣ ನರದಲ್ಲಿ ಸುಮಾರು 30,000 ತಂತುಗಳಿದ್ದರೆ ಇಂಪ್ಲಾಂಟಿನಲ್ಲಿರುವ ವಿದ್ಯುದ್ವಾರಗಳು ಸಾಮಾನ್ಯವಾಗಿ 12ರಿಂದ 22 ಮಾತ್ರ. ಸಂಗೀತದ ಸೂಕ್ಷ್ಮ ಸ್ವರಭೇದಗಳೂ ಗದ್ದಲದ ನಡುವಿನ ಮಾತೂ ಬಹಳಷ್ಟು ಬಳಕೆದಾರರಿಗೆ ಕಷ್ಟವಾಗುವುದು ಮುಖ್ಯವಾಗಿ ಇದರಿಂದಲೇ. ಇಷ್ಟು ಒರಟಾದ ಸಂಕೇತದಿಂದಲೂ ಮಾತು ಅರ್ಥವಾಗುತ್ತದೆಯೆಂದರೆ, ಅದಕ್ಕೆ ಅಭ್ಯಾಸದಿಂದ ಹೊಸ ಸಂಕೇತವನ್ನು ಕಲಿಯುವ ಮಿದುಳಿನ ಸಾಮರ್ಥ್ಯವೇ ಕಾರಣ. ಎಳೆಯ ವಯಸ್ಸಿನಲ್ಲಿ ಈ ಸಾಮರ್ಥ್ಯ ಹೆಚ್ಚಾಗಿರುವುದರಿಂದ, ಹುಟ್ಟುಕಿವುಡಿರುವ ಮಗುವಿಗೆ ಬೇಗನೆ ಇಂಪ್ಲಾಂಟ್ ಅಳವಡಿಸಿದಷ್ಟೂ ಮಾತು ಕಲಿಯುವುದು ಸುಲಭವಾಗುತ್ತದೆ.

ಆದುದರಿಂದ ಶಸ್ತ್ರಚಿಕಿತ್ಸೆಯೊಂದರಿಂದಲೇ ಫಲ ದೊರೆಯುವುದಿಲ್ಲ. ಸಾಧನದ ಸೂಕ್ತ ಹೊಂದಾಣಿಕೆ ಮತ್ತು ದೀರ್ಘಕಾಲದ ವಾಕ್‌ಚಿಕಿತ್ಸೆ ಅಷ್ಟೇ ಅಗತ್ಯ. ಶಿಶುವು ಶಬ್ದಕ್ಕೆ ಸ್ಪಂದಿಸದಿದ್ದರೆ, ಬೆಳೆದಂತೆ ಸರಿಹೋದೀತೆಂದು ಪೋಷಕರು ಕಾಯದೆ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕೇಂದ್ರಗಳಲ್ಲಿ ಶ್ರವಣ ಪರೀಕ್ಷೆ ಮಾಡಿಸುವುದು ಒಳಿತು.