ಗಿರಿಗೆ ಬರುವವರಿಗೆ: ಅತ್ತಿಗುಂಡಿಯ ದಾರಿ, ಮಳೆ ಮತ್ತು ಹುಲ್ಲು

ನೆಲೆ ಮತ್ತು ದಾರಿ

ಚಿಕ್ಕಮಗಳೂರಿನ ಉತ್ತರಕ್ಕೆ ಬಾಗಿ ನಿಂತಿರುವ ಚಂದ್ರದ್ರೋಣ ಪರ್ವತಶ್ರೇಣಿಯ ಮೇಲೆ, ಬಾಬಾಬುಡನ್‌ಗಿರಿಗೆ ಹೋಗುವ ಹಾದಿಯಲ್ಲಿ ಸಿಗುವ ಸಣ್ಣ ಊರು ಅತ್ತಿಗುಂಡಿ. ಕುದುರೆ ಲಾಳದ ಆಕಾರದ ಈ ಶ್ರೇಣಿಯ ಮಡಿಲಲ್ಲಿ ಜಾಗರ ಕಣಿವೆ ಇದೆ. ಅಂಚಿನ ಮೇಲೆ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ (ಸುಮಾರು 1,930 ಮೀಟರ್) ಮತ್ತು ಬಾಬಾಬುಡನ್‌ಗಿರಿ (ಸುಮಾರು 1,895 ಮೀಟರ್) ಇವೆ. ಸ್ಥಳೀಯರು ಈ ಪ್ರದೇಶವನ್ನೆಲ್ಲ ಒಟ್ಟಾಗಿ ‘ಗಿರಿ’ ಎಂದೇ ಕರೆಯುತ್ತಾರೆ.

ದಾರಿಯ ವಿಷಯದಲ್ಲಿ ತಿಳಿಯಬೇಕಾದದ್ದು ಹೆಚ್ಚೇನೂ ಇಲ್ಲ. ಬೆಂಗಳೂರು-ಹುಬ್ಬಳ್ಳಿ ಮಾರ್ಗದ ಕಡೂರಿನಿಂದ ಚಿಕ್ಕಮಗಳೂರಿಗೆ 2013ರಿಂದ ರೈಲು ಓಡುತ್ತಿದೆ; ಅಲ್ಲಿಂದ ಕೈಮರದ ಚೆಕ್‌ಪೋಸ್ಟ್ ದಾಟಿ ಕಾಫಿ ತೋಟಗಳ ನಡುವೆ ಏರಬೇಕು. ಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಜಿಲ್ಲಾಡಳಿತವು 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿ, ದಿನವನ್ನು ಬೆಳಗಿನ ಮತ್ತು ಮಧ್ಯಾಹ್ನದ ಸರದಿಗಳಾಗಿ ವಿಂಗಡಿಸಿದ ಕಾರಣ, ಹೊರಡುವ ಮುನ್ನ ಆ ದಿನದ ನಿಯಮವನ್ನು ವಿಚಾರಿಸಿಕೊಳ್ಳುವುದು ಅಗತ್ಯ. ಇಂಧನವನ್ನು ಪೇಟೆಯಲ್ಲೇ ತುಂಬಿಸಿಕೊಳ್ಳಬೇಕು, ಕೈಯಲ್ಲಿ ಸ್ವಲ್ಪ ನಗದು ಇರಬೇಕು, ಮೊಬೈಲ್ ಸಿಗ್ನಲ್ ಎಲ್ಲ ತಿರುವಿನಲ್ಲೂ ಸಿಗುತ್ತದೆಂದು ನಂಬಬಾರದು. ದತ್ತಾತ್ರೇಯನ ಪೀಠವೆಂದು ಹಿಂದೂಗಳೂ ದಾದಾ ಹಯಾತ್ ಮತ್ತು ಬಾಬಾಬುಡನ್ ಅವರ ದರ್ಗಾ ಎಂದು ಮುಸ್ಲಿಮರೂ ನಡೆದುಕೊಳ್ಳುವ ಗುಹೆ ಅತ್ತಿಗುಂಡಿಯಿಂದ ಮುಂದಿದ್ದು, ಡಿಸೆಂಬರ್ ಹೊತ್ತಿಗೆ ಬರುವ ದತ್ತ ಜಯಂತಿ ಮತ್ತು ಹೋಳಿಯ ನಂತರದ ಉರುಸಿನ ದಿನಗಳಲ್ಲಿ ಸಂಚಾರಕ್ಕೆ ವಿಶೇಷ ನಿರ್ಬಂಧಗಳಿರುತ್ತವೆ. ಬರಿಯ ನೋಟಕ್ಕಾಗಿ ಬರುವವರು ಆ ದಿನಗಳನ್ನು ಬಿಟ್ಟು ಬರುವುದು ಎಲ್ಲರಿಗೂ ಒಳ್ಳೆಯದು.

ಮಳೆ ಮತ್ತು ಮಂಜು

ಹೊಸಬರು ಮೊದಲು ಎಡವುವುದು ಹವೆಯ ಲೆಕ್ಕದಲ್ಲಿ. ಚಿಕ್ಕಮಗಳೂರು ಪೇಟೆಯಲ್ಲಿ ಬಿಸಿಲಿದ್ದರೆ ಗಿರಿಯಲ್ಲೂ ಬಿಸಿಲಿರುತ್ತದೆಂದು ಊಹಿಸಿ ತೆಳು ಅಂಗಿಯಲ್ಲಿ ಹತ್ತಿದವರು ಒಂದು ಗಂಟೆಯೊಳಗೆ ನಡುಗುತ್ತಿರುತ್ತಾರೆ. ಎತ್ತರವು ಒಂದು ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಪೇಟೆಗೂ ಮುಳ್ಳಯ್ಯನಗಿರಿಯ ನೆತ್ತಿಗೂ ಎಂಟುನೂರು ಮೀಟರಿಗಿಂತ ಹೆಚ್ಚು ಅಂತರವಿರುವುದರಿಂದ ಐದು ಡಿಗ್ರಿಯಷ್ಟು ವ್ಯತ್ಯಾಸ ಲೆಕ್ಕದಿಂದಲೇ ಬರುತ್ತದೆ. ಒದ್ದೆ ಬಟ್ಟೆ ಮತ್ತು ಬೀಸುಗಾಳಿ ಸೇರಿದಾಗ ಮೈಗೆ ತಾಗುವ ಚಳಿ ಆ ಲೆಕ್ಕವನ್ನೂ ಮೀರುತ್ತದೆ.

ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುವಾಗ ತಣಿದು ಮೋಡವಾಗುತ್ತದೆ, ಮೋಡ ಮಳೆಯಾಗುತ್ತದೆ. ಅಂಚು ದಾಟಿದ ಗಾಳಿಯಲ್ಲಿ ಉಳಿಯುವ ತೇವ ಕಡಿಮೆ. ಒಂದೇ ಜಿಲ್ಲೆಯ ಶೃಂಗೇರಿಯ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವಾಗ ಕಡೂರಿನ ಕಡೆ 600 ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುವುದಕ್ಕೆ ಕಾರಣ ಇದೇ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳ ಕಾಲದಲ್ಲಿ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಗಿರಿಯ ಪ್ರವಾಸವನ್ನು ಮುಂದೂಡುವುದು ಜಾಣತನ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಮೊದಲಾದ ಕಡೆಗಳಲ್ಲಿ ಗುಡ್ಡವೇ ಜರಿದದ್ದನ್ನೂ, ಚಾರ್ಮಾಡಿ ಘಾಟಿ ಮುಚ್ಚಿದ್ದನ್ನೂ ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಗಿರಿಯಲ್ಲಿ ಮಂಜು ಎನ್ನುವುದು ಬಹುಪಾಲು ನೆಲಕ್ಕೆ ತಾಗಿದ ಮೋಡವೇ ಆಗಿದ್ದು, ಅದರ ಹನಿಗಳು ಹೆಡ್‌ಲೈಟಿನ ಬೆಳಕನ್ನು ಚಾಲಕನ ಕಣ್ಣಿಗೇ ತಿರುಗಿಸಿ ಚೆಲ್ಲುತ್ತವೆ. ಹೀಗಾಗಿ ದೀಪವನ್ನು ಹೈ ಬೀಮಿಗೆ ಹಾಕಿದಷ್ಟೂ ದಾರಿ ಕಾಣುವುದು ಕಡಿಮೆಯಾಗುತ್ತದೆ. ಬೆಳಕನ್ನು ಲೋ ಬೀಮಿಗೆ ಇಳಿಸುವುದು, ತಿರುವಿನಲ್ಲಿ ಹಾರ್ನ್ ಮಾಡುವುದು, ಹತ್ತಿ ಬರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡುವುದು ಘಾಟಿಯ ನಿಯಮಗಳು. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಯಾವ ಗೇರಿನಲ್ಲಿ ಹತ್ತಲಾಯಿತೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತು ಇಲ್ಲಿ ಪೂರ್ತಿ ಸಲ್ಲುತ್ತದೆ.

ಬೋಳುಗುಡ್ಡವೆಂಬ ತಪ್ಪು ತಿಳಿವಳಿಕೆ

ಮೇಲಿನ ಸಲಹೆಗಳು ಬರುವವರ ಕ್ಷೇಮಕ್ಕೆ ಸಂಬಂಧಿಸಿದವು. ಗಿರಿಯ ಕ್ಷೇಮಕ್ಕೆ ಸಂಬಂಧಿಸಿದ ಒಂದು ಸಲಹೆ ಇದೆ, ಅದನ್ನು ಪಾಲಿಸುವವರು ಕಡಿಮೆ: ಹುಲ್ಲಿನ ಮೇಲೆ ವಾಹನ ಹತ್ತಿಸಬಾರದು. ಅದನ್ನು ಕಡೆಗಣಿಸುವವರೆಲ್ಲ ಕಿಡಿಗೇಡಿಗಳೇನಲ್ಲ; ಕಾಡೆಂದರೆ ಮರ, ಮರವಿಲ್ಲದ ಗುಡ್ಡ ಎಂದರೆ ಯಾರೋ ಕಡಿದು ಬೋಳಿಸಿದ ಪಾಳುನೆಲ ಎಂಬ ತಿಳಿವಳಿಕೆ ಓದಿದವರಲ್ಲೂ ಬೇರೂರಿದೆ. ಪಾಳುನೆಲದ ಮೇಲೆ ಜೀಪು ಓಡಿದರೆ ನಷ್ಟವೇನು ಎಂಬ ಪ್ರಶ್ನೆಯೂ, ಅಲ್ಲೊಂದಿಷ್ಟು ಸಸಿ ನೆಟ್ಟು ಪುಣ್ಯ ಕಟ್ಟಿಕೊಳ್ಳೋಣವೆಂಬ ಉತ್ಸಾಹವೂ ಹುಟ್ಟುವುದು ಇದೇ ತಪ್ಪಿನಿಂದ.

ಗಿರಿಯ ಮೇಲ್ಭಾಗದಲ್ಲಿ ಎರಡು ಬಗೆಯ ಸಸ್ಯವರ್ಗಗಳು ಜೊತೆಯಾಗಿ ಬಾಳುತ್ತವೆ. ಗುಡ್ಡದ ಮಡಿಕೆಗಳಲ್ಲಿ, ನೀರು ಹರಿಯುವ ಕೊರಕಲುಗಳಲ್ಲಿ, ಗಿಡ್ಡ ಮರಗಳು ಒತ್ತಾಗಿ ಬೆಳೆದ ನಿತ್ಯಹರಿದ್ವರ್ಣದ ಕಾಡಿದೆ. ಇದಕ್ಕೆ ಶೋಲಾ ಎಂದು ಹೆಸರು. ಗಾಳಿಗೆ ಮೈಯೊಡ್ಡಿದ ಇಳಿಜಾರು ಮತ್ತು ನೆತ್ತಿಗಳನ್ನು ಹುಲ್ಲು ಹೊದ್ದಿದೆ. ಇವೆರಡರ ನಡುವಿನ ಗಡಿ ಎಷ್ಟು ಸ್ಪಷ್ಟವೆಂದರೆ ಮುಳ್ಳಯ್ಯನಗಿರಿಯ ಪಕ್ಕದ ಸೀತಾಳಯ್ಯನಗಿರಿಯ ಕಡೆಯಿಂದ ನೋಡಿದಾಗ ಮರಗಳ ಸಾಲು ಗೆರೆ ಕೊರೆದಂತೆ ನಿಂತುಬಿಡುತ್ತದೆ. ಆ ಗೆರೆಯನ್ನು ಕೊಡಲಿ ಎಳೆದದ್ದಲ್ಲ. ತೆಳುವಾದ ಮಣ್ಣು, ಎಡೆಬಿಡದ ಗಾಳಿ, ಬೇಸಿಗೆಯ ಬೆಂಕಿ, ಕೆಲವೆಡೆ ಚಳಿಗಾಲದ ಹಿಮ ಇವೆಲ್ಲ ಸೇರಿ ಮರದ ಸಸಿಗಳನ್ನು ಇಳಿಜಾರಿನಲ್ಲಿ ಏಳಗೊಡುವುದಿಲ್ಲ. ಪಶ್ಚಿಮಘಟ್ಟದ ಇದೇ ಬಗೆಯ ನೆಲೆಯಾದ ನೀಲಗಿರಿಯಲ್ಲಿ, ಜೌಗಿನ ಪದರಗಳಲ್ಲಿ ಉಳಿದ ಇಂಗಾಲದ ಗುಣವನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲು ಇದ್ದುದಕ್ಕೆ ಪುರಾವೆ ಸಿಕ್ಕಿದೆ. ಅಷ್ಟು ಹಿಂದೆ ಅಲ್ಲಿ ಕಾಡು ಕಡಿಯುವ ಒಕ್ಕಲಿರಲಿಲ್ಲ.

ಈ ಹುಲ್ಲು ಮಾಡುವ ಕೆಲಸವನ್ನು ಅರಿಯಲು ಒಂದೇ ಒಂದು ಹುಲ್ಲುಬುಡವನ್ನು ಬಗ್ಗಿ ನೋಡಿದರೆ ಸಾಕು. ಮೇಲೆ ಮೊಣಕಾಲೆತ್ತರದ ಗರಿಗಳು. ಬುಡದಲ್ಲಿ ಕಳೆದ ವರ್ಷದ ಒಣ ಗರಿ ಕೊಳೆತು ಕಪ್ಪಾದ ಪದರ. ಅದರ ಕೆಳಗೆ ಕೂದಲಿನಷ್ಟು ತೆಳುವಾದ ಬೇರುಗಳು ಒಂದರೊಳಗೊಂದು ಹೆಣೆದುಕೊಂಡು ಮಣ್ಣಿನ ಕಣಗಳನ್ನು ಹಿಡಿದಿರುತ್ತವೆ. ರಭಸದಿಂದ ಬಿದ್ದ ಮಳೆಹನಿ ಗರಿಗೆ ತಾಗಿ ಬಲ ಕಳೆದುಕೊಂಡು, ಕೊಳೆತ ಪದರದಲ್ಲಿ ತಡೆದು, ಬೇರು ಬಿಡಿಸಿದ ಸಂದುಗಳ ಮೂಲಕ ನಿಧಾನವಾಗಿ ಒಳಗಿಳಿಯುತ್ತದೆ. ಹೀಗೆ ಇಂಗಿದ ನೀರು ಶಿಥಿಲ ಶಿಲೆಯ ನಡುವೆ ಜಿನುಗುತ್ತ ಶೋಲಾದ ಮಡಿಕೆಯಲ್ಲಿ ಹೊರಬಂದು, ಮಳೆ ನಿಂತ ಎಷ್ಟೋ ತಿಂಗಳ ನಂತರವೂ ಹಳ್ಳವಾಗಿ ಹರಿಯುತ್ತದೆ.

ಇಲ್ಲಿ ಮರ ನೆಟ್ಟರೆ ನೀರು ಹೆಚ್ಚುವುದೆಂಬ ನಂಬಿಕೆಯನ್ನೂ ಪರಿಶೀಲಿಸಬೇಕು. ನೀಲಗಿರಿಯ ಗ್ಲೆನ್‌ಮಾರ್ಗನ್‌ನಲ್ಲಿ ಹುಲ್ಲುಗಾವಲಿನ ಒಂದು ಜಲಾನಯನದ ದೊಡ್ಡ ಪಾಲಿನಲ್ಲಿ ನೀಲಗಿರಿ ಮರ ಬೆಳೆಸಿ, ಪಕ್ಕದ ಹುಲ್ಲುನೆಲದೊಡನೆ ಹೋಲಿಸಿ ನೋಡಿದಾಗ, ಮೊದಲ ಹತ್ತು ವರ್ಷಗಳ ಸುತ್ತಿನಲ್ಲಿ ಹೊರಹರಿವು ಶೇ. 16ರಷ್ಟು ಕುಗ್ಗಿತ್ತು. ಬೇಗ ಬೆಳೆಯುವ ಮರ ನೆಲದ ನೀರನ್ನೆತ್ತಿ ಎಲೆಯಿಂದ ಗಾಳಿಗೆ ಬಿಡುತ್ತದೆ. ಹುಲ್ಲು ಬೇಸಿಗೆಯಲ್ಲಿ ಒಣಗಿ ತನ್ನ ಖರ್ಚನ್ನು ತಾನೇ ನಿಲ್ಲಿಸುತ್ತದೆ. ಒಣಗಿದ ಹುಲ್ಲನ್ನು ಕಂಡು ಸತ್ತ ನೆಲವೆಂದುಕೊಳ್ಳುವವರು ಈ ಮಿತವ್ಯಯವನ್ನೇ ಬಡತನವೆಂದು ತಪ್ಪು ತಿಳಿದಿರುತ್ತಾರೆ.

ಈಗ ಅದೇ ಹುಲ್ಲಿನ ಮೇಲೆ ಒಂದು ವಾಹನ ಹಾಯ್ದರೆ ಏನಾಗುತ್ತದೆಂದು ನೋಡಬೇಕು. ಗಾಲಿಯ ಭಾರಕ್ಕೆ ಮಣ್ಣಿನ ಸಂದುಗಳು ಮುಚ್ಚಿಹೋಗುತ್ತವೆ. ಎರಡನೆಯ ಮೂರನೆಯ ವಾಹನ ಅದೇ ಜಾಡು ಹಿಡಿದಾಗ ಬೇರು ಕಿತ್ತು ಮಣ್ಣು ಬರಿದಾಗುತ್ತದೆ. ಮುಂಗಾರಿನಲ್ಲಿ ಇಂಗಲಾರದ ನೀರು ಆ ಜಾಡನ್ನೇ ಕಾಲುವೆ ಮಾಡಿಕೊಂಡು ಓಡುತ್ತದೆ. ಇಳಿಜಾರಿನಲ್ಲಿ ಓಡುವ ನೀರಿನ ವೇಗ ಹೆಚ್ಚಿದಂತೆ ಅದು ಕೊಚ್ಚಬಲ್ಲ ಮಣ್ಣೂ ಹೆಚ್ಚುವುದರಿಂದ ಒಂದೆರಡು ಮಳೆಗಾಲದಲ್ಲಿ ಜಾಡು ಕೊರಕಲಾಗುತ್ತದೆ, ಕೊರಕಲಿನ ಅಂಚು ಕುಸಿದು ಅಗಲವಾಗುತ್ತದೆ. ತೆಳುಮಣ್ಣಿನ ಈ ಗುಡ್ಡಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯವಾದ, ಕಬ್ಬಿಣದ ಅಂಶ ತುಂಬಿದ ಬಂಡೆಗಳ ಮೇಲೆ ಕೂತಿದ್ದು, ಒಮ್ಮೆ ಕಳೆದ ಮಣ್ಣು ಮನುಷ್ಯರ ಕಾಲಮಾನದಲ್ಲಿ ಮರಳಿ ಕೂಡುವುದಿಲ್ಲ. ಫೋಟೋಗೆಂದು ರಸ್ತೆಯಂಚಿನ ಹುಲ್ಲಿನ ಮೇಲೆ ಕಾರು ನಿಲ್ಲಿಸುವುದೂ ಇದೇ ಸರಣಿಯ ಮೊದಲ ಹೆಜ್ಜೆ. ಝರಿ ಜಲಪಾತದ ಕಡೆಗೆ ಜೀಪಿನಲ್ಲಿ ಹೋಗುವವರು ಇರುವ ದಾರಿಯಲ್ಲೇ ಹೋಗುವಂತೆ ಚಾಲಕನಿಗೆ ಹೇಳುವುದು, ನಡೆಯುವವರು ಇರುವ ಕಾಲುಹಾದಿಯನ್ನೇ ಹಿಡಿಯುವುದು ಇದಕ್ಕೆ ಸುಲಭದ ಪರಿಹಾರ.

ಹುಲ್ಲು ಕೆಟ್ಟು ಮಣ್ಣು ಕೊಚ್ಚಿಹೋಗುವುದರ ಪರಿಣಾಮ ಗಿರಿಯಲ್ಲೇ ಮುಗಿಯುವುದಿಲ್ಲ. ಶ್ರೇಣಿಯ ಒಳಮಗ್ಗುಲಿಗೆ ಬಿದ್ದ ಮಳೆ ಜಾಗರ ಕಣಿವೆಯ ಹಳ್ಳಗಳ ಮೂಲಕ ಭದ್ರೆಯನ್ನು ಸೇರುತ್ತದೆ. ಹೊರಮಗ್ಗುಲಿನ ಪೂರ್ವದ ನೀರು ವೇದಾ ಹೊಳೆಯಾಗಿ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ತುಂಬಿ, ಅವತಿಯೊಡನೆ ಕೂಡಿ ವೇದಾವತಿಯಾಗಿ, ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಜಲಾಶಯಕ್ಕೆ ಇಳಿಯುತ್ತದೆ. ಹಿರಿಯೂರಿನ ಬಯಲಿನ ತೋಟಗಳಿಗೆ ನೀರಿನ ನಂಟು ಈ ಹುಲ್ಲಿನ ಬೇರಿನಿಂದಲೇ ಆರಂಭವಾಗುತ್ತದೆಂಬುದು ಎಷ್ಟು ಬಾರಿ ಹೇಳಿದರೂ ಬೇಸರ ತರದ ಸಂಗತಿ. ಬಾಬಾಬುಡನ್‌ಗಿರಿಯ ಮಾಣಿಕ್ಯಧಾರೆ ಜಲಪಾತದಲ್ಲಿ ಮಿಂದವರು ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಬರುವ ರೂಢಿಯನ್ನು ಕೈಬಿಡಬೇಕೆನ್ನುವುದೂ ಇದಕ್ಕಾಗಿಯೇ. ಕೆಳಗಿನವರಿಗೆ ಅದು ಕುಡಿಯುವ ನೀರು.

ತೋಟದ ನಡುವೆ ಇರುವಾಗ

ಹೋಂಸ್ಟೇಗಳಲ್ಲಿ ತಂಗುವವರೂ ಕೆಲಸದ ಮೇಲೆ ಬಂದು ನೆಲೆಸುವವರೂ ತೋಟದ ವರ್ಷಚಕ್ರವನ್ನು ಅರಿತಿರಬೇಕು. ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದ ಒಂದು ವಾರದಿಂದ ಹತ್ತು ದಿನಗಳಲ್ಲಿ ಕಾಫಿ ಗಿಡ ಬೆಳ್ಳಗೆ ಅರಳುತ್ತದೆ; ಆಗ ಸಾಲಿನೊಳಗೆ ನುಗ್ಗಿ ರೆಂಬೆ ಬಗ್ಗಿಸುವುದೆಂದರೆ ಮುಂದಿನ ಫಸಲನ್ನು ಉದುರಿಸಿದಂತೆ. ನವೆಂಬರ್‌ನಿಂದ ಕೊಯ್ಲು ಶುರುವಾದಾಗ ಕಣದಲ್ಲಿ ಒಣಗಲು ಹರಡಿದ ಕಾಫಿಯ ಮೇಲೆ ಚಪ್ಪಲಿ ಕಾಲಿಡಬಾರದು. 2019ರಲ್ಲಿ ಬಾಬಾಬುಡನ್‌ಗಿರಿಯ ಅರೇಬಿಕಾಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಬಾಬಾಬುಡನ್ ಯೆಮನ್‌ನ ಮೋಖಾದಿಂದ ಏಳು ಬೀಜ ತಂದನೆಂಬ ಪ್ರತೀತಿ ಇರುವ ನೆಲದಲ್ಲಿ ಕಾಫಿ ಕೊಳ್ಳುವವರು ಚಿಕೋರಿ ಬೆರೆತಿದೆಯೇ ಎಂದು ಕೇಳಿ ಕೊಂಡರೆ ಆ ಮಾನ್ಯತೆಗೆ ಬೆಲೆ ಕೊಟ್ಟಂತಾಗುತ್ತದೆ.

ಮಳೆಗಾಲದಲ್ಲಿ ಇಂಬಳ, ಅಂದರೆ ನೆಲದ ಜಿಗಣೆ, ಕಚ್ಚಿದರೆ ಗಾಬರಿಯಿಂದ ಎಳೆಯದೆ ಉಗುರಿನಿಂದ ಪಕ್ಕಕ್ಕೆ ಜಾರಿಸಬೇಕು. ಅದರ ಜೊಲ್ಲು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ತೊಳೆದು ಒತ್ತಿಹಿಡಿದರೆ ನಿಲ್ಲುತ್ತದೆ. ಇಂಬಳಕ್ಕಿಂತ ಬೇಸಿಗೆಯ ಉಣ್ಣೆ ಅಪಾಯಕಾರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಯಿಂದಲೇ ಹರಡುವುದರಿಂದ, ಮಲೆನಾಡಿನ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಡಬೇಕು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಕಾಲ್ನಡಿಗೆ ಬೇಡ. ಆನೆ, ಕಾಟಿಗಳ ಸುದ್ದಿಯನ್ನು ತೋಟದ ರೈಟರನ್ನೋ ಕಾರ್ಮಿಕರ ಲೈನ್ ಮನೆಯವರನ್ನೋ ಕೇಳಿ ತಿಳಿದುಕೊಂಡೇ ಹೊರಡಬೇಕು.

ಮುಂದೆ ಆಗಬೇಕಾದ ಅಧ್ಯಯನ

ನಿಯಮಗಳನ್ನು ಫಲಕದ ಮೇಲೆ ಬರೆದರೆ ಓದಿ ಮರೆಯುವವರೇ ಹೆಚ್ಚು. ಅವುಗಳ ಹಿಂದಿನ ಕಾರಣ ತಿಳಿದವರು ಮಾತ್ರ ಯಾರೂ ನೋಡದಿರುವಾಗಲೂ ಅವನ್ನು ಪಾಲಿಸುತ್ತಾರೆ. ಆದರೆ ಹುಲ್ಲಿನ ಹಳಮೆಗೂ ನೀರಿನೊಡನೆ ಅದರ ನಂಟಿಗೂ ಮೇಲೆ ಕೊಟ್ಟ ಪುರಾವೆಗಳೆರಡೂ ನೀಲಗಿರಿಯಿಂದ ಬಂದವು ಎಂಬುದನ್ನು ಓದುಗರು ಗಮನಿಸಿರಬಹುದು. ಗಿರಿಯದೇ ಲೆಕ್ಕ ಬೇಕಿದ್ದರೆ ಅದಕ್ಕೆ ಬೇಕಾದ ಸಾಮಗ್ರಿ ಇಲ್ಲಿಯೇ ಇದೆ. ಕಾಫಿ ಬೆಳೆಗಾರರು ತಲೆಮಾರುಗಳಿಂದ ದಿನದಿನದ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದಾರೆ. ಒಂದು ಇಂಚೆಂದರೆ 25.4 ಮಿಲಿಮೀಟರ್, ಅದರ ನೂರನೆಯ ಒಂದು ಪಾಲು ಸೆಂಟು. ಸುತ್ತಲಿನ ಕಾಲೇಜುಗಳ ಭೂಗೋಳ ಮತ್ತು ಸಸ್ಯಶಾಸ್ತ್ರ ವಿಭಾಗದವರು ಈ ಪುಸ್ತಕಗಳನ್ನು ಒಂದೆಡೆ ಕಲೆಹಾಕಿ, ಹೊನ್ನಮ್ಮನ ಹಳ್ಳದಂತಹ ಒಂದೆರಡು ತೊರೆಗಳ ಹರಿವನ್ನು ವರ್ಷವಿಡೀ ಅಳೆದು ಜೊತೆಗಿಟ್ಟರೆ, ಎಷ್ಟು ಮಳೆ ಎಷ್ಟು ದಿನ ಗಿರಿಯೊಳಗೆ ನಿಲ್ಲುತ್ತದೆ, ಹುಲ್ಲು ಕೆಟ್ಟ ಕಡೆ ಎಷ್ಟು ಬೇಗ ಓಡಿಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಸಿಗುತ್ತದೆ. ದಿನಕ್ಕೆ ಎಷ್ಟು ವಾಹನಗಳನ್ನು ಗಿರಿಗೆ ಬಿಡಬಹುದು ಎಂಬ ವಾದವನ್ನು ಆಗ ಆ ಅಂಕಿಗಳನ್ನು ಮುಂದಿಟ್ಟುಕೊಂಡು ನಡೆಸಬಹುದು. ಹಳೆಯ ಮಳೆಪುಸ್ತಕಗಳು ಗೆದ್ದಲಿನ ಪಾಲಾಗುವ ಮುನ್ನ ಯಾರಾದರೂ ಈ ಕೆಲಸಕ್ಕೆ ಕೈಹಾಕಬೇಕು.