ಗಣಕಜಾಲದ ನಿಯಮಗಳೂ ಕೂಟಶಾಸನ ಪರೀಕ್ಷೆಯೂ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಕ್ರಿ.ಶ. ನಾಲ್ಕನೆಯ ಶತಮಾನದ್ದೆಂದು ಎಣಿಸಲಾಗುವ ಈ ಶಾಸನ ಕಾಂಚೀಪುರದಿಂದ ಹೊರಟುದು. ಹೊರಡಿಸಿದವನಾರು, ಯಾವ ಯಾವ ಅಧಿಕಾರಿಗಳನ್ನು ಉದ್ದೇಶಿಸಿ, ದತ್ತವಾದುದೇನು ಎಂಬ ಅಂಶಗಳು ಇಂಥ ಶಾಸನಗಳಲ್ಲಿ ಗೊತ್ತಾದ ರೂಢಿಯಂತೆ ಬರುತ್ತವೆ. ಆ ರೂಢಿಯನ್ನರಿಯದವನು ಕೂಟಶಾಸನವನ್ನು ಗುರುತಿಸಲಾರನು. ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ಫ್ಲೀಟರು ಕೂಟವೆಂದು ವಾದಿಸಿದುದು ಲಿಪಿ, ತಿಥಿ, ವಂಶಾವಳಿಗಳ ಕ್ರಮವನ್ನು ಬಲ್ಲವರಾದುದರಿಂದ. ಸೈಬರ್ ಭದ್ರತೆಯನ್ನು ಕಲಿಯಬಯಸುವವರು ಗಣಕಜಾಲವನ್ನು ಮೊದಲು ಏಕೆ ಅಭ್ಯಸಿಸಬೇಕೆಂಬುದನ್ನು ಇದೇ ದೃಷ್ಟಿಯಿಂದ ವಿವರಿಸಲು ಇಲ್ಲಿ ಯತ್ನಿಸಿದ್ದೇವೆ.

ಎರಡು ಗಣಕಗಳು ಮಾತನಾಡುವ ಮೊದಲೇ ಒಪ್ಪಿಕೊಂಡ ನಡಾವಳಿಗೆ ಪ್ರೋಟೊಕಾಲ್ ಎಂದು ಹೆಸರು. ಸಂದೇಶವನ್ನು ಪ್ಯಾಕೆಟ್‌ಗಳೆಂಬ ತುಂಡುಗಳಾಗಿ ಒಡೆದು, ಪ್ರತಿಯೊಂದರ ತಲೆಯ ಮೇಲೂ ಕಳುಹಿಸಿದವನ ಮತ್ತು ಪಡೆಯುವವನ ವಿಳಾಸಗಳನ್ನು ಬರೆಯುವುದು ಐ.ಪಿ. ಎಂಬ ಪ್ರೋಟೊಕಾಲಿನ ಕೆಲಸ. 1981ರಲ್ಲಿ ನಿರೂಪಿತವಾದ ಅದರ ನಾಲ್ಕನೆಯ ಆವೃತ್ತಿ ಇಂದಿಗೂ ಬಳಕೆಯಲ್ಲಿದೆ. ಕಳುಹಿಸಿದವನ ವಿಳಾಸವನ್ನು ಬರೆಯುವವನು ಕಳುಹಿಸುವವನೇ. ಅದು ದಿಟವೇ ಎಂದು ವಿಚಾರಿಸುವ ಏರ್ಪಾಡು ಈ ಪ್ರೋಟೊಕಾಲಿನೊಳಗೆ ಇಲ್ಲ. ಇದನ್ನು ಕೇವಲ ಅಜಾಗರೂಕತೆಯೆನ್ನುವುದು ನ್ಯಾಯವಲ್ಲ. 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ಅರ್ಪಾನೆಟ್ ಜಾಲದಲ್ಲಿದ್ದುವು ಕೆಲವೇ ಸಂಸ್ಥೆಗಳು. ನಮ್ಮಲ್ಲಿ 1986ರಲ್ಲಿ ಮೊದಲಾದ ಅರ್ನೆಟ್ ಯೋಜನೆಯೂ ಬೆಂಗಳೂರಿನ ವಿಜ್ಞಾನ ಮಂದಿರವೇ ಮೊದಲಾದ ಬೆರಳೆಣಿಕೆಯ ಸಂಸ್ಥೆಗಳದು. ಪರಿಚಿತರ ನಡುವಿನ ನಡಾವಳಿಯೇ ಮುಂದೆ ಅಪರಿಚಿತರ ಸಂತೆಗೂ ಉಳಿದುಬಂದಿತು.

ಟಿ.ಸಿ.ಪಿ. ಎಂಬ ಇನ್ನೊಂದು ಪ್ರೋಟೊಕಾಲು ಸಂಭಾಷಣೆಯನ್ನು ಮೂರು ಹೆಜ್ಜೆಗಳಲ್ಲಿ ಆರಂಭಿಸುತ್ತದೆ. ಮೊದಲನೆಯವನು ತನ್ನದೊಂದು ಸಂಖ್ಯೆಯನ್ನು ಕಳುಹಿಸುತ್ತಾನೆ. ಎರಡನೆಯವನು ಅದನ್ನು ಒಪ್ಪಿ ತನ್ನ ಸಂಖ್ಯೆಯನ್ನು ಹೇಳುತ್ತಾನೆ. ಮೊದಲನೆಯವನು ಆ ಸಂಖ್ಯೆ ತಲುಪಿತೆಂದು ಮರುನುಡಿಯುತ್ತಾನೆ. ಪರರ ವಿಳಾಸದಿಂದ ಬರೆದ ವಂಚಕನಿಗೆ ಸಾಮಾನ್ಯವಾಗಿ ಎರಡನೆಯ ಹೆಜ್ಜೆಯ ಉತ್ತರ ಕಾಣದು, ಏಕೆಂದರೆ ಅದು ನಿಜವಾದ ವಿಳಾಸದಾರನಿಗೆ ಹೋಗುತ್ತದೆ. ಆದಕಾರಣ ಆ ಸಂಖ್ಯೆಯನ್ನು ಊಹಿಸಲಾಗದಿದ್ದರೆ ಅವನ ಆಟ ನಡೆಯದು. ಆದರೆ ಅಂದಿನ ಕೆಲವು ಯಂತ್ರಗಳು ಸಂಖ್ಯೆಯನ್ನು ನಿಯತ ಪ್ರಮಾಣದಲ್ಲಿ ಹೆಚ್ಚಿಸುತ್ತಿದ್ದುವು. ಈ ದೋಷವನ್ನು 1985ರಲ್ಲಿಯೇ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬರೆದು ತೋರಿಸಿದನು. (1988ರಲ್ಲಿ ಅಂತರ್ಜಾಲದ ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿದ ಪ್ರಸಿದ್ಧ 'ವರ್ಮ್' ಕೂಡ ಅವನ ಕೃತಿಯೇ.) 1989ರಲ್ಲಿ ಸ್ಟೀವನ್ ಬೆಲೋವಿನ್ ಮತ್ತೆ ಎಚ್ಚರಿಸಿದರು. ಆದರೂ 1994ರ ಡಿಸೆಂಬರಿನಲ್ಲಿ ತ್ಸುತೊಮು ಶಿಮೊಮುರಾರ ಗಣಕಗಳ ಮೇಲೆ ಇದೇ ಮಾರ್ಗದಿಂದ ಆಕ್ರಮಣ ನಡೆಯಿತು. ಊಹೆಗೆ ಸಿಕ್ಕದ ಸಂಖ್ಯೆಯನ್ನು ಆರಿಸುವ ವಿಧಾನವನ್ನು ಬೆಲೋವಿನ್ನರು ವಿವರಿಸಿ ಪ್ರಕಟಿಸಿದುದು 1996ರಲ್ಲಿ. ಮೂರು ಹೆಜ್ಜೆಗಳನ್ನು ಅರಿಯದವನಿಗೆ ಈ ಹನ್ನೊಂದು ವರ್ಷಗಳ ಕಥೆಯಲ್ಲಿ ದೋಷವೆಲ್ಲಿ, ಪರಿಹಾರವೆಲ್ಲಿ ಎಂಬುದೇ ತಿಳಿಯದು. ಆಕ್ರಮಣದ ಉಪಕರಣಗಳನ್ನೇ ಮೊದಲ ದಿನ ಕೈಗೆ ಕೊಡುವ ತರಬೇತಿಯ ಪದ್ಧತಿ ನಮಗೆ ಸರಿತೋರದು.

ಇನ್ನು ಮುದ್ರೆಯ ವಿಚಾರ. ತಾಮ್ರಪಟಗಳನ್ನು ಬಳೆಯಲ್ಲಿ ಪೋಣಿಸಿ ರಾಜಮುದ್ರೆ ಒತ್ತುತ್ತಿದ್ದಂತೆ, ಟಿ.ಎಲ್.ಎಸ್. ಎಂಬ ಪ್ರೋಟೊಕಾಲು ಸಂಭಾಷಣೆಯನ್ನು ಗೂಢಲಿಪಿಯಲ್ಲಿ ಮುಚ್ಚಿ, ಜಾಲತಾಣದ ಹೆಸರಿಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಆ ಹೆಸರಿನ ತಾಣದೊಡನೆಯೇ ಮಾತು ನಡೆಯುತ್ತಿದೆ, ನಡುವೆ ಯಾರೂ ತಿದ್ದಿಲ್ಲ ಎಂಬಷ್ಟಕ್ಕೇ ಅದು ಸಾಕ್ಷಿ; ತಾಣದ ಒಡೆಯನು ಪ್ರಾಮಾಣಿಕನೆಂಬುದಕ್ಕಲ್ಲ. ಬ್ಯಾಂಕಿನ ಹೆಸರನ್ನು ಒಂದಕ್ಷರ ಬದಲಿಸಿ ತೆರೆದ ತಾಣಕ್ಕೂ ಪ್ರಮಾಣಪತ್ರ ದೊರೆಯಬಲ್ಲುದು. ಕಾಂಚಿಯ ದತ್ತಿ ತಾಮ್ರದಲ್ಲಿದ್ದಿತು. ಇಂದು ಹಡಗಲಿಯ ರೈತನ ಪಹಣಿ 'ಭೂಮಿ' ಯೋಜನೆಯ ಗಣಕಗಳಲ್ಲಿದೆ, ಅವನ ಉಳಿತಾಯವೂ ಜಾಲದ ಮೇಲೆಯೇ ಸಂಚರಿಸುತ್ತದೆ.

ಅಧ್ಯಾಪಕರು ಕಾಲೇಜಿನ ಪ್ರಯೋಗಶಾಲೆಯಲ್ಲಿ, ಅನುಮತಿ ಪಡೆದು, ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶದಿಂದ ತಮ್ಮದೇ ಗಣಕದ ಒಂದು ಪ್ಯಾಕೆಟ್ಟನ್ನು ಹಿಡಿದು ಓದಿಸಬಹುದು. ಐ.ಪಿ. ನಾಲ್ಕನೆಯ ಆವೃತ್ತಿಯ ತಲೆಬರಹ ಕನಿಷ್ಠ 20 ಬೈಟ್‌ಗಳದು. 13ರಿಂದ 16ರವರೆಗೆ ಕಳುಹಿಸಿದವನ ವಿಳಾಸ, 17ರಿಂದ 20ರವರೆಗೆ ಪಡೆಯುವವನದು. ಶಾಸನದ ಪಡಿಯಚ್ಚನ್ನು ಓದುವ ಅಭ್ಯಾಸವುಳ್ಳವರಿಗೆ ಇದು ಒಂದು ಮಧ್ಯಾಹ್ನದ ಕೆಲಸ.